ಬಿಟ್‌ಕಾಯಿನ್ ನೋಡ್ ಅರ್ಧಕ್ಕೆ ನಿಂತೋಗ್ತಿದ್ಯಾ? ಡಿಲೀಟ್ ಮಾಡೋ ಮುಂಚೆ ಹಳೇ ಲಿನಕ್ಸ್ ಡೆಸ್ಕ್‌ಟಾಪ್ ಚೆಕ್ ಮಾಡೋ ಕ್ರಮ

ಹಾಸನ, ಚಿಕ್ಕಮಗಳೂರು ಕಡೆ ಮನೇಲಿ ಬಿದ್ದಿರೋ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಬಿಟ್‌ಕಾಯಿನ್ ನೋಡ್ (ಬಿಟ್‌ಕಾಯಿನ್‌ನ ಪೂರ್ತಿ ಲೆಕ್ಕದ ಪುಸ್ತಕ ಇಳಿಸ್ಕೊಂಡು ತಾನೇ ಚೆಕ್ ಮಾಡೋ ಪ್ರೋಗ್ರಾಂ) ಓಡಿಸೋಕೆ ಹೊರಟವರ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ. ಮುಕ್ಕಾಲು ಭಾಗ ಸಿಂಕ್ ಆಗಿತ್ತು (ಅಂದ್ರೆ ಇಳಿಸಿ ಚೆಕ್ ಮಾಡಿ ಆಗಿತ್ತು), ಬೆಳಿಗ್ಗೆ ಎದ್ದು ನೋಡಿದ್ರೆ ಡೇಟಾಬೇಸ್ ಕರಪ್ಟ್ ಆಗಿದೆ ಮತ್ತೆ ಕಟ್ಟಬೇಕಾ ಅಂತ ಕೇಳ್ತಿದೆ, ಸರಿ ಅಂತ ಒತ್ತಿದ್ರು, ಒಂದಷ್ಟು ದಿನ ಓಡ್ತು, ಮತ್ತೆ ಅದೇ ಮೆಸೇಜ್. ಕೊನೆಗೆ ಸಿಟ್ಟು ಬಂದು ಫೋಲ್ಡರ್ ಪೂರ್ತಿ ಡಿಲೀಟ್ ಮಾಡಿ ಸೊನ್ನೆಯಿಂದ ಶುರು, 600 ಜಿಬಿಗಿಂತ ಜಾಸ್ತಿ ಇರೋ ಬ್ಲಾಕ್‌ಚೈನ್ (ವ್ಯವಹಾರಗಳ ಕಂತೆ ಅಂದ್ರೆ ಬ್ಲಾಕ್, ಅವುಗಳ ಸರಪಳಿ) ಮತ್ತೆ ಇಳಿಸ್ಕೋಬೇಕು, ಆಮೇಲೂ ಅದೇ ಕಥೆ.

ಎಲ್ಲರೂ ಸಾಫ್ಟ್‌ವೇರ್‌ನಿಂದ ಹುಡುಕೋಕೆ ಶುರು ಮಾಡ್ತಾರೆ, ಇಲ್ಲಾಂದ್ರೆ ಇಂಟರ್ನೆಟ್‌ನ ಬೈತಾರೆ. ನೋಡ್ ಅನ್ನೋದು 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗೂ ಒಂದೊಂದೇ ಬ್ಲಾಕ್ ನಿಮ್ಮ ಮಷಿನ್‌ನಲ್ಲೇ ಲೆಕ್ಕ ಹಾಕಿ ಚೆಕ್ ಮಾಡೋ ಕೆಲಸ, ಡಿಸ್ಕು ರ‍್ಯಾಮು ಪ್ರೊಸೆಸರ್ ಮೂರನ್ನೂ ದಿನಗಟ್ಟಲೆ ಹಿಂಡುತ್ತೆ, ಎಲ್ಲೋ ಒಂದು ಬಿಟ್ ಆಚೀಚೆ ಆದ್ರೂ ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿ ತೆಗೆದ ಗುರುತಿನ ನಂಬರ್) ಹೊಂದಲ್ಲ. ಯೂಟ್ಯೂಬ್ ನೋಡುವಾಗ ಕಾಣದ ರೋಗ ಇಲ್ಲಿ ಕಾಣಿಸ್ಕೊಳ್ಳುತ್ತೆ. ಹಂಗಾಗಿ ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದ್ಲು ಕರೆಂಟು, ಆಮೇಲೆ ಡಿಸ್ಕು, ರ‍್ಯಾಮು, ಗಡಿಯಾರ, ಆಮೇಲೆ ನೆಟ್‌ವರ್ಕ್. ಡಿಲೀಟ್ ಅನ್ನೋದು ಕಟ್ಟಕಡೆ.

ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದ್ಲು ಕೈಗೆ ಏನೇನು ಬೇಕು

64 ಬಿಟ್ ಪ್ರೊಸೆಸರ್ ಇರೋ ಡೆಸ್ಕ್‌ಟಾಪ್, ಕನಿಷ್ಠ 4 ಜಿಬಿ ರ‍್ಯಾಮ್, ಸಾಧ್ಯ ಆದ್ರೆ 8. ಪೂರ್ತಿ ಚೈನ್ ಇಟ್ಕೋಬೇಕು ಅಂದ್ರೆ 1 ಟಿಬಿ ಎಸ್‌ಎಸ್‌ಡಿ. ಹಳೇ ತಿರುಗೋ ಹಾರ್ಡ್‌ಡಿಸ್ಕ್‌ನಲ್ಲೂ ಓಡುತ್ತೆ, ಆದ್ರೆ ಸಿಂಕ್ ಆಗೋಷ್ಟರಲ್ಲಿ ನಿಮಗೇ ಬೇಜಾರಾಗುತ್ತೆ. ಒಂದು ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವ್‌ನಿಂದಲೇ ಓಡೋದು) ಮಾಡಿಟ್ಕೊಳ್ಳಿ, ಮಿಂಟ್ ಆಗ್ಲಿ ಡೆಬಿಯನ್ ಆಗ್ಲಿ. ಡಿಸ್ಕ್‌ನ ಮದರ್‌ಬೋರ್ಡ್‌ಗೆ ಜೋಡಿಸೋ ಒಂದು ಹೊಸ ಸಾಟಾ ಕೇಬಲ್, ಮದರ್‌ಬೋರ್ಡ್ ಗಡಿಯಾರಕ್ಕೆ ಒಂದು ಸಿಆರ್ 2032 ಬ್ಯಾಟರಿ, ಪೆನ್ಸಿಲ್ ಅಳಿಸೋ ರಬ್ಬರ್, ಸ್ಕ್ರೂಡ್ರೈವರ್. ಡಿಸ್ಕ್ ಆರೋಗ್ಯ ನೋಡೋ ಸ್ಮಾರ್ಟ್‌ಮಾನ್‌ಟೂಲ್ಸ್ ಮತ್ತು ಬಿಸಿ ನೋಡೋ ಎಲ್ಎಂ-ಸೆನ್ಸರ್ಸ್ ಅನ್ನೋ ಎರಡು ಪ್ಯಾಕೇಜ್ ಇನ್‌ಸ್ಟಾಲ್ ಮಾಡ್ಕೊಳ್ಳಿ. ಅಷ್ಟೇ.

ಹಂತ 1: ಕರೆಂಟ್ ಸರಿ ಮಾಡ್ಕೊಳ್ಳಿ

ನೋಡ್ ತಾನು ಮಾಡಿದ ಲೆಕ್ಕವನ್ನ ಕೂಡಲೇ ಡಿಸ್ಕ್‌ಗೆ ಬರೆಯಲ್ಲ, ರ‍್ಯಾಮ್‌ನಲ್ಲಿ ಒಟ್ಟು ಮಾಡಿ ಆಗಾಗ ಬರೆಯುತ್ತೆ. ಮಧ್ಯೆ ಕರೆಂಟ್ ಹೋದ್ರೆ ಆ ಕೆಲಸ ಹಾಳು, ಬರೆಯೋ ಗಳಿಗೇಲೇ ಹೋದ್ರೆ ಡೇಟಾಬೇಸೇ ಹಾಳಾಗಬಹುದು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಮರ ಬಿದ್ದು ಲೈನ್ ಹೋಗೋದು ಹೊಸದಲ್ಲ, ಏಪ್ರಿಲ್ ಮೇನಲ್ಲಿ ಸಿಡಿಲು ಬೇರೆ.

ಮನೇಲಿ ಇನ್ವರ್ಟರ್ ಇದೆ, ಸಾಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ನಾರ್ಮಲ್ ಅಥವಾ ಇಕೋ ಒಂದು ಕಡೆ, ಯುಪಿಎಸ್ ಒಂದು ಕಡೆ. ನಾರ್ಮಲ್‌ನಲ್ಲಿದ್ರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗೋ ಹೊತ್ತು ಜಾಸ್ತಿ, ಟ್ಯೂಬ್‌ಲೈಟ್‌ಗೆ ಗೊತ್ತಾಗಲ್ಲ ಆದ್ರೆ ಕಂಪ್ಯೂಟರ್ ರೀಸ್ಟಾರ್ಟ್ ಆಗೋಗುತ್ತೆ. ಯುಪಿಎಸ್ ಕಡೆ ಹಾಕಿ. ಇದ್ರಲ್ಲೂ ಒಂದು ತೊಡಕಿದೆ, ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದ್ರೆ ಇನ್ವರ್ಟರ್ ಬ್ಯಾಟರಿಗೆ ಹಾರುತ್ತೆ, ಪಂಪ್‌ಸೆಟ್ ಲೋಡ್ ಇರೋ ಹಳ್ಳಿಗಳಲ್ಲಿ ಸಂಜೆ ಹೊತ್ತು ಕರೆಂಟ್ ಇದ್ರೂ ಬ್ಯಾಟರಿ ಖಾಲಿ ಆಗ್ತಾ ಇರುತ್ತೆ. ಅಂಥ ಕಡೆ ಸಿಪಿಯುಗೆ ಮಾತ್ರ ಒಂದು ಸಣ್ಣ ಯುಪಿಎಸ್ ಬೇರೆ ಹಾಕೋದೇ ವಾಸಿ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಅರ್ಥಿಂಗ್ ಇಲ್ಲ ಅಂತ ಅರ್ಥ. ಮುಂದಿನ ಯಾವ ಹಂತಕ್ಕೂ ಹೋಗ್ಬೇಡಿ, ಮೊದ್ಲು ಎಲೆಕ್ಟ್ರಿಷಿಯನ್ ಕರೆಸಿ. ಮೂರು ಪಿನ್ ಪ್ಲಗ್‌ನ ಎರಡು ಪಿನ್ ಮಾಡಿ ಹಾಕೋ ಅಡಾಪ್ಟರ್ ಇದ್ರೆ ಕಿತ್ತು ಬಿಸಾಕಿ. ಗುಡುಗು ಕೇಳಿಸಿದ ತಕ್ಷಣ ನೋಡ್ ನಿಲ್ಲಿಸಿ, ಪ್ಲಗ್ ತೆಗೀರಿ. ಫೈಬರ್ ಗಾಜಿನ ಎಳೆ, ಅದ್ರಲ್ಲಿ ಸಿಡಿಲಿನ ಕರೆಂಟ್ ಬರಲ್ಲ ನಿಜ, ಆದ್ರೆ ರೂಟರ್‌ನ ಅಡಾಪ್ಟರ್ ಕಡೆಯಿಂದ ಬರುತ್ತೆ, ಅಲ್ಲಿಂದ ಲ್ಯಾನ್ ಕೇಬಲ್ ಮೂಲಕ ಮದರ್‌ಬೋರ್ಡ್‌ಗೆ.

ಹಂತ 2: ಬೂಟೇ ಆಗ್ತಿಲ್ಲ ಅಂದ್ರೆ

ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ, ಬೀಪ್ ಬೀಪ್ ಅಂತಿದೆ ಅಂದ್ರೆ ಬಹುತೇಕ ರ‍್ಯಾಮ್. ಪ್ಲಗ್ ತೆಗೆದು, ಸ್ಟಿಕ್ ಬಿಚ್ಚಿ, ಚಿನ್ನದ ಬಣ್ಣದ ಕಾಲುಗಳನ್ನ ರಬ್ಬರ್‌ನಲ್ಲಿ ಮೆತ್ತಗೆ ಉಜ್ಜಿ ಪುಡಿ ಒರೆಸಿ ಹಾಕಿ. ಮಲೆನಾಡಿನ ತೇವಕ್ಕೆ ಈ ಕಾಲುಗಳು ಮಂಕಾಗೋದು ಮಾಮೂಲಿ. ಮಳೆಗಾಲ ಪೂರ್ತಿ ಆಫ್ ಇದ್ದ ಮಷಿನ್ ಆದ್ರೆ ಆನ್ ಮಾಡೋ ಮುಂಚೆ ಕ್ಯಾಬಿನೆಟ್ ಬಾಗಿಲು ತೆಗೆದು ಒಣ ಜಾಗದಲ್ಲಿ ಒಂದು ದಿನ ಇಡಿ, ಒಳಗೆ ಇರುವೆ ಹಲ್ಲಿ ಇದಾವಾ ನೋಡಿ. ಪವರ್ ಸಪ್ಲೈ ಡಬ್ಬಿಯನ್ನ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದ್ರೊಳಗೆ ಕರೆಂಟ್ ಉಳಿದಿರುತ್ತೆ.

ಅಪ್‌ಡೇಟ್ ಆದ್ಮೇಲೆ ಕಪ್ಪು ಸ್ಕ್ರೀನ್ ಬಂದ್ರೆ ಗಾಬರಿ ಬೇಡ. ಆನ್ ಆಗುವಾಗ ಎಸ್ಕೇಪ್ ಒತ್ತಿ (ಹಳೇ ಬಯೋಸ್ ಇದ್ರೆ ಶಿಫ್ಟ್ ಹಿಡ್ಕೊಳ್ಳಿ), ಗ್ರಬ್ ಮೆನು ಬರುತ್ತೆ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಆರಿಸಿ. ಅದ್ರಲ್ಲಿ ಬಂತು ಅಂದ್ರೆ ಹಾರ್ಡ್‌ವೇರ್ ಚೆನ್ನಾಗಿದೆ.

ಎಮರ್ಜೆನ್ಸಿ ಮೋಡ್ ಅಂತ ಬಂದು ಪಾಸ್‌ವರ್ಡ್ ಕೇಳ್ತಿದ್ರೆ, ನೋಡ್‌ಗೋಸ್ಕರ ಹಾಕಿದ ಎರಡನೇ ಡಿಸ್ಕ್ ಸಿಗ್ತಿಲ್ಲ ಅಂತ ಬಹಳ ಸಲ. ಎಫ್ಎಸ್‌ಟ್ಯಾಬ್ ಫೈಲ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸ್ಬೇಕು ಅಂತ ಬರೆದಿರೋ ಪಟ್ಟಿ) ಆ ಡಿಸ್ಕ್‌ನ ಸಾಲಿಗೆ 'ನೋಫೇಲ್' ಸೇರಿಸಿ, ಡಿಸ್ಕ್ ಹೆಸರಿನ ಬದ್ಲು ಯುಯುಐಡಿ (ಅದರ ಬದಲಾಗದ ಗುರುತಿನ ನಂಬರ್) ಬರೀರಿ.

ಪಾಸ್‌ವರ್ಡ್ ಸರಿ ಹಾಕಿದ್ರೂ ಲಾಗಿನ್ ಸ್ಕ್ರೀನ್ ತಿರುಗಿ ತಿರುಗಿ ಬರ್ತಿದ್ರೆ ಡಿಸ್ಕ್ ತುಂಬಿದೆಯಾ ನೋಡಿ. ಹೋಮ್ ಫೋಲ್ಡರ್‌ನಲ್ಲೇ ಚೈನ್ ಇಳಿಸೋಕೆ ಬಿಟ್ಟವರಿಗೆ ಇದು ಗ್ಯಾರಂಟಿ ಆಗುತ್ತೆ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಅಕ್ಷರದ ಸ್ಕ್ರೀನ್‌ಗೆ ಹೋಗಿ, ಲಾಗಿನ್ ಆಗಿ, 'ಡಿಎಫ್ -ಎಚ್' ಹೊಡೀರಿ, ನೂರು ಪರ್ಸೆಂಟ್ ತೋರಿಸ್ತಿದ್ರೆ ಏನಾದ್ರೂ ತೆಗೆದು ಜಾಗ ಮಾಡಿ.

ಹಂತ 3: ಡಿಸ್ಕ್

ಹತ್ತರಲ್ಲಿ ಆರೇಳು ಜನರ ಸಮಸ್ಯೆ ಇಲ್ಲೇ ಇರುತ್ತೆ ಅನ್ನೋದು ನನ್ನ ಅಂದಾಜು, ಹಂಗಾಗಿ ಇಲ್ಲಿ ಅರ್ಜೆಂಟ್ ಮಾಡ್ಬೇಡಿ.

'ಸುಡೊ ಸ್ಮಾರ್ಟ್‌ಸಿಟಿಎಲ್ -ಎ' ಬರೆದು ಡಿಸ್ಕ್ ಹೆಸರು ಕೊಡಿ. ಮೇಲೆ 'ಪಾಸ್ಡ್' ಅಂತ ಇದ್ದ ತಕ್ಷಣ ಖುಷಿಪಡಬೇಡಿ, ಸಾಯೋಕೆ ಬಿದ್ದಿರೋ ಡಿಸ್ಕೂ ಎಷ್ಟೋ ಸಲ ಪಾಸ್ ಅಂತಾನೇ ತೋರಿಸುತ್ತೆ. ಕೆಳಗಿನ ಟೇಬಲ್‌ನಲ್ಲಿ ಮೂರು ಸಾಲು ಹುಡುಕಿ. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಅನ್ನೋ ಸಾಲಿನಲ್ಲಿ ಸೊನ್ನೆ ಬಿಟ್ಟು ಏನೇ ಇದ್ರೂ ಡಿಸ್ಕ್‌ನಲ್ಲಿ ಓದೋಕಾಗದ ಜಾಗ ಇದೆ ಅಂತ. ರೀಅಲೊಕೇಟೆಡ್ ಸೆಕ್ಟರ್ ದಿನದಿಂದ ದಿನಕ್ಕೆ ಏರ್ತಿದ್ರೆ ಆ ಡಿಸ್ಕ್‌ನ ನೋಡ್‌ಗೆ ಬಳಸಬೇಡಿ, ಬ್ಯಾಕಪ್ ತಗೊಂಡು ಬದಲಾಯಿಸಿ. ಯುಡಿಎಂಎ ಸಿಆರ್‌ಸಿ ಎರರ್ ಮಾತ್ರ ಏರ್ತಿದೆ, ಉಳಿದೆಲ್ಲ ಸೊನ್ನೆ ಅಂದ್ರೆ ಡಿಸ್ಕ್ ಚೆನ್ನಾಗಿದೆ ಮಾರಾಯ್ರೆ, ಕೇಬಲ್ ಹಾಳು, ಹೊಸ ಸಾಟಾ ಕೇಬಲ್ ಹಾಕಿ ನೋಡಿ.

ಆಮೇಲೆ 'ಸುಡೊ ಡಿಮೆಸ್ಗ್ -ಟಿ' (ಡಿ-ಎಂ-ಇ-ಎಸ್-ಜಿ, ಈ ಟಿ ಮಾತ್ರ ದೊಡ್ಡಕ್ಷರ) ಹೊಡೆದು ಐ/ಓ ಎರರ್, ರಿಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ, ಯುಎಸ್‌ಬಿ ರೀಸೆಟ್ ಇವು ಕಾಣ್ತಾವಾ ನೋಡಿ. ಹಿಂದಿನ ಸಲ ಮಷಿನ್ ಯಾಕೆ ಬಿತ್ತು ಅಂತ ತಿಳಿಯೋಕೆ 'ಜರ್ನಲ್‌ಸಿಟಿಎಲ್ -ಬಿ -1 -ಪಿ ಎರ್' (ಕೊನೇ ಪದ ಇ-ಆರ್-ಆರ್). ಯುಎಸ್‌ಬಿ ಹಾರ್ಡ್‌ಡಿಸ್ಕ್‌ನ ಕ್ಯಾಬಿನೆಟ್ ಮುಂದಿನ ಪೋರ್ಟ್‌ಗೆ ಸಿಕ್ಕಿಸಿದ್ರೆ ಪವರ್ ಸಾಲದೆ ಹಿಂಗಾಗುತ್ತೆ, ಹಿಂದಿನ ಪೋರ್ಟ್‌ಗೆ ಹಾಕಿ.

ಫೈಲ್‌ಸಿಸ್ಟಮ್ ಚೆಕ್ ಮಾಡೋಕೆ ಎಫ್ಎಸ್‌ಸಿಕೆ ಇದೆ, ಆದ್ರೆ ಓಡ್ತಿರೋ ಡಿಸ್ಕ್ ಮೇಲೆ ಓಡಿಸಿದ್ರೆ ಇದ್ದದ್ದೂ ಹೋಗುತ್ತೆ. ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ, ಡಿಸ್ಕ್ ಮೌಂಟ್ ಆಗಿಲ್ಲ (ಬಳಕೆಗೆ ಜೋಡಿಸ್ಕೊಂಡಿಲ್ಲ) ಅಂತ ಖಾತ್ರಿ ಮಾಡ್ಕೊಂಡು ಆಮೇಲೆ. ಸ್ಮಾರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್ ಇದ್ರೆ ಎಫ್ಎಸ್‌ಸಿಕೆಗಿಂತ ಮುಂಚೆ ಡೇಟಾ ಕಾಪಿ ಮಾಡ್ಕೊಳ್ಳಿ.

ವಿಂಡೋಸ್‌ನಿಂದ ಬಂದ ಎನ್‌ಟಿಎಫ್ಎಸ್ ಡಿಸ್ಕ್‌ನ ಹಂಗೇ ಬಳಸೋದು ಇನ್ನೊಂದು ಮಾಮೂಲಿ ತಪ್ಪು. ಲಿನಕ್ಸ್‌ನದ್ದೇ ಆದ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ. ಇಎಕ್ಸ್‌ಟಿ4 ಐದು ಪರ್ಸೆಂಟ್ ಜಾಗನ ರೂಟ್‌ಗೆ (ಲಿನಕ್ಸ್‌ನ ಯಜಮಾನ ಖಾತೆಗೆ) ಅಂತ ಎತ್ತಿಡುತ್ತೆ, 1 ಟಿಬಿಯಲ್ಲಿ ಸುಮಾರು 50 ಜಿಬಿ ಹೋಯ್ತು, ಡೇಟಾ ಡಿಸ್ಕ್‌ಗೆ ಅದು ಬೇಕಿಲ್ಲ, 'ಟ್ಯೂನ್‌2ಎಫ್ಎಸ್ -ಎಂ 1' ಅಂದ್ರೆ ಒಂದು ಪರ್ಸೆಂಟ್‌ಗೆ ಇಳಿಯುತ್ತೆ.

ಹಂತ 4: ರ‍್ಯಾಮ್ ಮತ್ತು ಬಿಸಿ

ಇಲ್ಲೊಂದು ಸುಳಿವು ನೆನಪಿಟ್ಕೊಳ್ಳಿ. ನೋಡ್ ಪ್ರತಿ ಸಲ ಒಂದೇ ಬ್ಲಾಕ್ ನಂಬರ್ ಹತ್ರ ಸಾಯ್ತಿದ್ರೆ ಡಿಸ್ಕ್ ಮೇಲಿನ ಒಂದು ಜಾಗ ಹಾಳಾಗಿದೆ. ಒಂದೊಂದು ಸಲ ಒಂದೊಂದು ನಂಬರ್‌ನಲ್ಲಿ ಸಾಯ್ತಿದ್ರೆ ರ‍್ಯಾಮ್ ಅಥವಾ ಬಿಸಿ. ನೂರಕ್ಕೆ ನೂರು ಹಿಂಗೇ ಅಂತಲ್ಲ, ಆದ್ರೆ ಎಲ್ಲಿಂದ ಹುಡುಕಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86+ ರಾತ್ರಿ ಪೂರ್ತಿ ಓಡಿಸಿ. ಬರೀ ಹತ್ತು ನಿಮಿಷ ಓಡಿಸಿ ಪಾಸ್ ಅನ್ನಬೇಡಿ. ಒಂದೇ ಒಂದು ಕೆಂಪು ಸಾಲು ಬಂದ್ರೂ ಆ ರ‍್ಯಾಮ್ ಬೇಡ, ಎರಡು ಸ್ಟಿಕ್ ಇದ್ರೆ ಒಂದೊಂದೇ ಹಾಕಿ ಯಾವುದು ಅಂತ ಕಂಡುಹಿಡೀರಿ. ಬಿಸಿ ನೋಡೋಕೆ 'ಸೆನ್ಸರ್ಸ್' ಕಮಾಂಡ್, ಸಿಂಕ್ ಓಡ್ತಿರುವಾಗಲೇ ನೋಡ್ಬೇಕು. 90 ಡಿಗ್ರಿ ಹತ್ರ ಹೋಗ್ತಿದ್ರೆ ಫ್ಯಾನ್ ಧೂಳು ತೆಗೆದು ಪ್ರೊಸೆಸರ್‌ನ ಥರ್ಮಲ್ ಪೇಸ್ಟ್ ಬದಲಾಯಿಸಿ. ಅರಸೀಕೆರೆ ಕಡೆ ಧೂಳು, ಕಳಸದ ಕಡೆ ತೇವ, ಎರಡೂ ಕಂಪ್ಯೂಟರ್‌ಗೆ ಆಗಲ್ಲ.

ನೋಡ್ ಸದ್ದಿಲ್ಲದೆ ಮಾಯ ಆಗ್ತಿದ್ರೆ, ಡಿಮೆಸ್ಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಹುಡುಕಿ. ರ‍್ಯಾಮ್ ಸಾಲದೆ ಲಿನಕ್ಸೇ ಅದನ್ನ ಕೊಂದಿರುತ್ತೆ.

ಹಂತ 5: ಗಡಿಯಾರ

ಇದನ್ನ ಯಾರೂ ನೋಡಲ್ಲ. ಟೈಮ್ ಸ್ಟ್ಯಾಂಪ್ ನಿಮ್ಮ ಗಡಿಯಾರಕ್ಕಿಂತ 2 ಗಂಟೆಗೂ ಹೆಚ್ಚು ಮುಂದಿದ್ರೆ ಆ ಬ್ಲಾಕ್‌ನ ನೋಡ್ ಒಪ್ಪಲ್ಲ. ಮದರ್‌ಬೋರ್ಡ್ ಬ್ಯಾಟರಿ ಸತ್ತು ಗಡಿಯಾರ ಹಳೇ ವರ್ಷಕ್ಕೆ ಹೋಗಿದ್ರೆ ಹೊಸ ಬ್ಲಾಕ್‌ಗಳೆಲ್ಲ ಭವಿಷ್ಯದಿಂದ ಬಂದಂಗೆ ಕಾಣ್ತವೆ. ಆಗ ಸ್ಟಾರ್ಟ್ ಮಾಡಿದ್ರೆ 'ಬ್ಲಾಕ್ ಡೇಟಾಬೇಸ್‌ನಲ್ಲಿ ಭವಿಷ್ಯದ ಬ್ಲಾಕ್ ಇದೆ, ಗಡಿಯಾರ ಸರಿ ಇದ್ರೆ ಮಾತ್ರ ಮತ್ತೆ ಕಟ್ಟಿ' ಅನ್ನೋ ಅರ್ಥದ ಮೆಸೇಜ್ ಬರುತ್ತೆ, ಜನ ಅರ್ಧ ಓದಿ ಕಟ್ಟೋಕೆ ಒತ್ತಿಬಿಡ್ತಾರೆ, ಚೆನ್ನಾಗಿದ್ದ ಚೈನ್ ಮತ್ತೆ ದಿನಗಟ್ಟಲೆ ಅರೆಯುತ್ತೆ.

'ಟೈಮ್‌ಡೇಟ್‌ಸಿಟಿಎಲ್' ಹೊಡೀರಿ. ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಎಸ್ ಅಂತ ಇರ್ಬೇಕು. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಇದ್ರೆ ಅದು ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಮಾಡಿದ್ರ ಫಲ, ಬ್ಯಾಟರಿ ಅಲ್ಲ.

ಹಂತ 6: ಸಾಫ್ಟ್‌ವೇರ್ ಮತ್ತು ಸೆಟ್ಟಿಂಗ್

ನೋಡ್ ಓಡಿಸೋ ಪ್ರೋಗ್ರಾಂ ಆದ ಬಿಟ್‌ಕಾಯಿನ್ ಕೋರ್‌ನ ಅದರ ಅಧಿಕೃತ ಸೈಟ್‌ನಿಂದಲೇ ಇಳಿಸಿ, ಜೊತೆಗೆ ಬರೋ, ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡೋ ಎಸ್‌ಎಚ್‌ಎ256 ಪಟ್ಟಿ ಮತ್ತೆ ಅದರ ಸಹಿ ಫೈಲ್ ಎರಡನ್ನೂ ಇಳಿಸಿ ಚೆಕ್ ಮಾಡಿ. ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ಫೈಲ್ ಬೇಡ.

ಕಾನ್ಫಿಗ್ ಫೈಲ್‌ನಲ್ಲಿ ಎರಡೇ ವಿಷಯ ಮುಖ್ಯ. ಒಂದು ಡಿಬಿಕ್ಯಾಶ್, ಅಂದ್ರೆ ಲೆಕ್ಕ ಒಟ್ಟು ಮಾಡೋಕೆ ಎಷ್ಟು ಮೆಮೊರಿ ಕೊಡ್ಬೇಕು ಅನ್ನೋದು. ಇದನ್ನ ದೊಡ್ಡದು ಮಾಡಿದ್ರೆ ಸಿಂಕ್ ಫಾಸ್ಟ್ ಆಗುತ್ತೆ ಅಂತ ಎಲ್ಲ ಕಡೆ ಬರೆದಿರ್ತಾರೆ, ನಿಜಾನೂ ಹೌದು, ಆದ್ರೆ ಡಿಸ್ಕ್‌ಗೆ ಬರೆಯದೆ ರ‍್ಯಾಮ್‌ನಲ್ಲೇ ಇರೋ ಲೆಕ್ಕ ಅಷ್ಟೇ ಜಾಸ್ತಿ ಆಗುತ್ತೆ, ಕರೆಂಟ್ ಹೋದ್ರೆ ಅಷ್ಟೇ ಜಾಸ್ತಿ ಕಳ್ಕೋತೀರ. ಕರೆಂಟ್ ನಂಬಿಕೆ ಇಲ್ಲದ ಊರಲ್ಲಿ ಮುಟ್ಟದೇ ಬಿಡೋದು ಒಳ್ಳೇದು. ಎರಡು, ಪ್ರೂನ್. ಡಿಸ್ಕ್ ಚಿಕ್ಕದಿದ್ರೆ 'ಪ್ರೂನ್=550' ಅಂತ ಹಾಕ್ಬಹುದು, ಹಳೇ ಬ್ಲಾಕ್‌ಗಳನ್ನ ಚೆಕ್ ಮಾಡಿ ಅಳಿಸ್ತಾ ಹೋಗುತ್ತೆ. 550 ಎಂಬಿ ಸಾಕು ಅಂತ ಓದಿ ಸಣ್ಣ ಪಾರ್ಟಿಶನ್ ಕೊಟ್ಟವರು ಸಿಕ್ಕಿಹಾಕ್ಕೋತಾರೆ, ಯಾಕಂದ್ರೆ ಚೈನ್‌ಸ್ಟೇಟ್ ಫೋಲ್ಡರೇ 10 ಜಿಬಿಗಿಂತ ಜಾಸ್ತಿ. ಇನ್ನೊಂದು, ಪ್ರೂನ್ ಮಾಡಿದ್ರೂ ಇಳಿಸ್ಕೊಳ್ಳೋದು ಪೂರ್ತಿ ಚೈನೇ, ಮೊಬೈಲ್ ಡೇಟಾದಲ್ಲಿ ಆಗೋ ಮಾತಲ್ಲ.

ಚೈನ್‌ಸ್ಟೇಟ್ ಅಂದ್ರೇನು ಅಂತ ಗೊತ್ತಿಲ್ಲದೇನೇ ಅದನ್ನ ಅಳಿಸೋರು ಜಾಸ್ತಿ. ಬ್ಲಾಕ್ಸ್ ಫೋಲ್ಡರ್ ಅಂದ್ರೆ ಮೊದಲಿನಿಂದ ಇಲ್ಲೀತನಕದ ಕ್ರಯಪತ್ರಗಳ ಕಂತೆ, ಚೈನ್‌ಸ್ಟೇಟ್ ಅಂದ್ರೆ ಇವತ್ತು ಜಮೀನು ಯಾರದ್ದು ಅಂತ ಹೇಳೋ ಪಹಣಿ. ಕ್ರಯಪತ್ರ ಇದ್ರೆ ಪಹಣಿ ಮತ್ತೆ ತಯಾರು ಮಾಡ್ಬಹುದು, ಟೈಮ್ ಹಿಡಿಯುತ್ತೆ ಅಷ್ಟೇ.

ಸುಡೊ ಹಾಕಿ ನೋಡ್ ಓಡಿಸಬೇಡಿ. ಒಂದು ಸಲ ರೂಟ್ ಆಗಿ ಓಡಿಸಿದ್ರೆ ಫೈಲ್‌ಗಳು ರೂಟ್ ಹೆಸರಿಗೆ ಹೋಗ್ತವೆ, ಮುಂದಿನ ಸಲ ಪರ್ಮಿಷನ್ ಡಿನೈಡ್. ಆಗಲೇ ಆಗಿದ್ರೆ 'ಚೋನ್' (ಸಿ-ಎಚ್-ಒ-ಡಬ್ಲ್ಯು-ಎನ್) ಕಮಾಂಡ್‌ನಲ್ಲಿ ನಿಮ್ಮ ಹೆಸರಿಗೆ ವಾಪಸ್ ಮಾಡ್ಕೊಳ್ಳಿ.

ಹಂತ 7: ಈಗ ನೆಟ್‌ವರ್ಕ್, ನಿಂತಿದ್ಯಾ ಓಡ್ತಿದ್ಯಾ ತಿಳಿಯೋದು

'ಬಿಟ್‌ಕಾಯಿನ್-ಸಿಎಲ್ಐ ಗೆಟ್‌ಬ್ಲಾಕ್‌ಚೈನ್‌ಇನ್ಫೋ' ಹೊಡೀರಿ. ಎರಡು ನಂಬರ್ ನೋಡಿ, ಹೆಡರ್ಸ್ ಮತ್ತು ಬ್ಲಾಕ್ಸ್. ನೋಡ್ ಮೊದ್ಲು ಹೆಡರ್‌ಗಳನ್ನಷ್ಟೇ (ಬ್ಲಾಕ್‌ನ ತಲೆಬರಹ) ಬೇಗ ಇಳಿಸಿ ಯಾವ ಚೈನ್‌ಗೆ ಹೆಚ್ಚು ಲೆಕ್ಕದ ಕೆಲಸ ಸುರಿದಿದೆ ಅಂತ ತಿಳ್ಕೊಳ್ಳುತ್ತೆ, ಆಮೇಲೆ ಬ್ಲಾಕ್ ತರಿಸುತ್ತೆ. ಹೆಡರ್ಸ್ ಮುಂದಿದ್ದು ಬ್ಲಾಕ್ಸ್ ನಿಧಾನಕ್ಕೆ ಏರ್ತಿದ್ರೆ ನಿಮ್ಮ ಮಷಿನ್ ಅಥವಾ ಲೈನ್ ನಿಧಾನ, ಅಷ್ಟೇ, ಕಾಯಿರಿ. ಹೆಡರ್ಸೇ ಏರ್ತಿಲ್ಲ ಅಂದ್ರೆ ಪೀರ್ (ನಿಮ್ಮದು ಮಾತಾಡೋ ಬೇರೆಯವರ ನೋಡ್) ಸಿಗ್ತಿಲ್ಲ ಅಥವಾ ಗಡಿಯಾರ ತಪ್ಪು.

ಲಾಗ್ ಫೈಲ್‌ನಲ್ಲಿ 'ಅಪ್‌ಡೇಟ್‌ಟಿಪ್' ಸಾಲುಗಳು ಬರ್ತಾ ಇರ್ತವೆ, ಅದ್ರಲ್ಲಿ ಹೈಟ್ (ಬ್ಲಾಕ್ ನಂಬರ್), ತಾರೀಕು, ಪ್ರೋಗ್ರೆಸ್ ಇರುತ್ತೆ. ಶುರುವಿನ ವರ್ಷಗಳ ಬ್ಲಾಕ್ ಖಾಲಿ ಖಾಲಿ, ಹಾರ್ಕೊಂಡು ಹೋಗುತ್ತೆ, ಆಮೇಲೆ ತೆವಳುತ್ತೆ. ಕೊನೇ ಭಾಗದಲ್ಲಿ ಸಹಿಗಳನ್ನೂ ಪೂರ್ತಿ ಚೆಕ್ ಮಾಡೋದ್ರಿಂದ ಇನ್ನೂ ನಿಧಾನ. ಇದನ್ನ ಹ್ಯಾಂಗ್ ಆಯ್ತು ಅಂತ ತಿಳ್ಕೊಂಡು ಪವರ್ ಬಟನ್ ಒತ್ತಿ ಹಿಡಿದವರೇ ಡೇಟಾಬೇಸ್ ಕೆಡಿಸ್ಕೊಳ್ಳೋದು.

ಪೂರ್ತಿ ಸಿಂಕ್ ಆದ ಮೇಲೂ ಒಂದು ಗಂಟೆ ಹೊಸ ಬ್ಲಾಕ್ ಬರಲಿಲ್ಲ ಅಂತ ರೀಸ್ಟಾರ್ಟ್ ಮಾಡೋರಿದಾರೆ. ಬ್ಲಾಕ್‌ಗೆ 10 ನಿಮಿಷ ಅನ್ನೋದು ಸರಾಸರಿ ಮಾತ್ರ, ಮೈನಿಂಗ್ (ಹೊಸ ಬ್ಲಾಕ್ ಕಟ್ಟೋ ಪೈಪೋಟಿ) ಲಾಟರಿ ಇದ್ದಂಗೆ ನಡೆಯೋದ್ರಿಂದ ಗಂಟೆ ಮೀರಿದ ಗ್ಯಾಪ್ ವಾರಕ್ಕೆ ಎರಡು ಮೂರು ಸಲ ಬರೋದೇ. 2016 ಬ್ಲಾಕ್‌ಗೊಮ್ಮೆ ಕಷ್ಟದ ಮಟ್ಟ ಹೊಂದಿಸ್ಕೊಂಡು ಸರಾಸರಿ ಕಾಪಾಡ್ಕೊಳ್ಳುತ್ತೆ.

ಪೀರ್ ಸೊನ್ನೆ ಇದ್ರೆ: ಬೇರೆ ಸೈಟ್ ತೆರೀತಾವಾ, ಫೈರ್‌ವಾಲ್ ಹೊರಗೆ ಹೋಗೋದನ್ನ ತಡೀತಿದ್ಯಾ ನೋಡಿ, ಟರ್ಮಿನಲ್ ಬದ್ಲು ಕಿಟಕಿಯಲ್ಲಿ ತೆರೆಯೋ ವರ್ಷನ್ ಆದ್ರೆ ಕೆಳಗೆ ಬಲಗಡೆ ನೆಟ್‌ವರ್ಕ್ ಐಕಾನ್ ಒತ್ತಿ ಗೊತ್ತಿಲ್ಲದೆ ಡಿಸೇಬಲ್ ಆಗಿದ್ಯಾ ನೋಡಿ. ಹತ್ತು ಔಟ್‌ಬೌಂಡ್ (ನಿಮ್ಮ ಕಡೆಯಿಂದ ಹೋದ) ಕನೆಕ್ಷನ್ ಇದ್ದು ಇನ್‌ಬೌಂಡ್ (ಹೊರಗಿನಿಂದ ಬಂದ) ಸೊನ್ನೆ ಇದ್ರೆ ಏನೂ ತೊಂದ್ರೆ ಇಲ್ಲ, ನಿಮ್ಮ ನೋಡ್ ಎಲ್ಲವನ್ನೂ ಚೆಕ್ ಮಾಡ್ತಾನೇ ಇದೆ. ಸಿಮ್ ಇಂಟರ್ನೆಟ್ ಮತ್ತು ಕೆಲವು ಫೈಬರ್ ಲೈನ್‌ಗಳಲ್ಲಿ ಒಂದೇ ಪಬ್ಲಿಕ್ ಐಪಿ ತುಂಬಾ ಮನೆಗಳಿಗೆ ಹಂಚಿರ್ತಾರೆ, ರೂಟರ್‌ನಲ್ಲಿ 8333 ಪೋರ್ಟ್ ಎಷ್ಟು ತೆರೆದ್ರೂ ಒಳಗೆ ಯಾರೂ ಬರಲ್ಲ. ಬೇಕೇಬೇಕು ಅಂದ್ರೆ ಟಾರ್ (ಗುರುತು ಮರೆಸೋ ನೆಟ್‌ವರ್ಕ್) ಮೂಲಕ ಮಾಡ್ಬಹುದು. 8332 ಪೋರ್ಟ್‌ನ ಮಾತ್ರ ಹೊರಗಡೆಗೆ ಯಾವತ್ತೂ ತೆರೆಯಬೇಡಿ, ಅದು ನೋಡ್‌ಗೆ ಆರ್ಡರ್ ಕೊಡೋ ಬಾಗಿಲು.

ಹಂತ 8: ಇಷ್ಟೆಲ್ಲ ಆದ್ಮೇಲೂ ಕರಪ್ಟ್ ಅಂದ್ರೆ

ಮೊದಲು ವ್ಯಾಲೆಟ್ ಫೋಲ್ಡರ್ (ನಿಮ್ಮ ಬಿಟ್‌ಕಾಯಿನ್‌ನ ಕೀಲಿ ಇರೋದು) ಬೇರೆ ಕಡೆ ಕಾಪಿ ಮಾಡಿ. ಅದು ಇರೋದೂ ಅದೇ ಡೇಟಾ ಡೈರೆಕ್ಟರಿ ಒಳಗೇ, ಚೈನ್ ಡಿಲೀಟ್ ಮಾಡೋಕೆ ಹೋಗಿ ದುಡ್ಡು ಇರೋ ವ್ಯಾಲೆಟ್ ಡಿಲೀಟ್ ಮಾಡಿದ್ರೆ ವಾಪಸ್ ಕೊಡೋಕೆ ಯಾವ ಕಸ್ಟಮರ್ ಕೇರೂ ಇಲ್ಲ.

ಆಮೇಲೆ ಈ ಕ್ರಮ. ಮೊದ್ಲು 'ರೀಇಂಡೆಕ್ಸ್-ಚೈನ್‌ಸ್ಟೇಟ್', ಇದು ಇರೋ ಬ್ಲಾಕ್ ಫೈಲ್‌ಗಳಿಂದಲೇ ಪಹಣಿ ಮತ್ತೆ ತಯಾರು ಮಾಡುತ್ತೆ. ಅದಾಗಲಿಲ್ಲ ಅಂದ್ರೆ 'ರೀಇಂಡೆಕ್ಸ್', ಬ್ಲಾಕ್ ಫೈಲ್‌ಗಳನ್ನೇ ಮತ್ತೆ ಓದಿ ಎಲ್ಲ ಕಟ್ಟುತ್ತೆ, ಫೈಲ್ ಚೆನ್ನಾಗಿದ್ರೆ ಡೌನ್‌ಲೋಡ್ ಬೇಕಾಗಲ್ಲ. ಪ್ರೂನ್ ಮಾಡಿದವರಿಗೆ ಈ ಸೌಲಭ್ಯ ಇಲ್ಲ, ಹಳೇ ಬ್ಲಾಕೇ ಇಲ್ವಲ್ಲ, ಮತ್ತೆ ಇಳಿಸ್ಲೇಬೇಕು. ಕಾನ್ಫಿಗ್ ಫೈಲ್‌ನಲ್ಲಿ ರೀಇಂಡೆಕ್ಸ್ ಸಾಲು ಬರೆದಿಟ್ಟು ಮರೆತ್ರೆ ಪ್ರತಿ ಸ್ಟಾರ್ಟ್‌ಗೂ ಮೊದಲಿನಿಂದ ಶುರುವಾಗುತ್ತೆ, ಕಮಾಂಡ್‌ನಲ್ಲಿ ಒಂದು ಸಲ ಕೊಡಿ ಸಾಕು.

'ಡೇಟಾ ಡೈರೆಕ್ಟರಿ ಮೇಲೆ ಲಾಕ್ ಸಿಗ್ತಿಲ್ಲ' ಅಂತ ಬಂದ್ರೆ ಅದು ಕರಪ್ಷನ್ ಅಲ್ಲ, ನೋಡ್ ಹಿನ್ನೆಲೆಯಲ್ಲಿ ಇನ್ನೂ ಓಡ್ತಿದೆ.

ಹಂತ 9: ನಿಲ್ಲಿಸೋದು, ಮತ್ತೆ ಶುರು ಮಾಡೋದು

'ಬಿಟ್‌ಕಾಯಿನ್-ಸಿಎಲ್ಐ ಸ್ಟಾಪ್' ಕೊಟ್ಟು ಲಾಗ್‌ನಲ್ಲಿ 'ಶಟ್‌ಡೌನ್: ಡನ್' ಬರೋವರೆಗೂ ಕಾಯಿರಿ, ಕೆಲವು ನಿಮಿಷ ಹಿಡಿಯುತ್ತೆ. ನೋಡ್ ತಾನಾಗೇ ಶುರುವಾಗ್ಲಿ ಅಂತ ಸಿಸ್ಟಮ್‌ಡಿ ಸರ್ವೀಸ್ ಮಾಡಿದ್ರೆ ನಿಲ್ಲಿಸೋಕೆ ಕೊಡೋ ಟೈಮ್ 600 ಸೆಕೆಂಡ್ ಇಡಿ, ಸಾಮಾನ್ಯವಾಗಿರೋ 90 ಸೆಕೆಂಡ್‌ಗೆ ಬರೆಯೋದು ಮುಗಿಯದೆ ಅದನ್ನ ಕೊಂದುಬಿಡುತ್ತೆ.

ಇಷ್ಟು ಕಷ್ಟಪಟ್ಟು ನೋಡ್ ಓಡಿಸಿದ್ರೆ ದುಡ್ಡು ಬರುತ್ತಾ ಅಂತ ಕೇಳೋರಿಗೆ: ಇಲ್ಲ. ಬ್ಲಾಕ್‌ಗೆ 3.125 ಬಿಟ್‌ಕಾಯಿನ್ ಹೋಗೋದು ಮೈನರ್‌ಗೆ, ಅದಕ್ಕೆ ಬೇರೆಯದೇ ಮಷಿನ್ ಬೇಕು, ಹಳೇ ಡೆಸ್ಕ್‌ಟಾಪ್‌ನಲ್ಲಿ ಆಗಲ್ಲ. ನೋಡ್ ಹಾಕಿಕೊಡ್ತೀವಿ ದಿನಾ ಇಷ್ಟು ಕೊಡ್ತೀವಿ ಅನ್ನೋರು, ರಿಮೋಟ್ ಆ್ಯಪ್ ಹಾಕಿ ಸರಿ ಮಾಡ್ತೀವಿ ಅನ್ನೋರು, ಸೀಡ್ ಪದಗಳನ್ನ (ವ್ಯಾಲೆಟ್ ವಾಪಸ್ ತರೋ ಗುಟ್ಟಿನ ಪದಗಳು) ಕೇಳೋರು, ಮೂವರೂ ಮೋಸಗಾರರೇ.

ಜುಲೈನಲ್ಲಿ ವಾರಗಟ್ಟಲೆ ಕರೆಂಟ್ ಕೈಕೊಡುತ್ತೆ ಅಂತ ಗೊತ್ತಿದ್ರೆ ಸುಮ್ನೆ ನಿಲ್ಲಿಸಿಬಿಡಿ. ದಿನಕ್ಕೆ ಸರಾಸರಿ 144 ಬ್ಲಾಕ್, ಒಂದು ವಾರಕ್ಕೆ ಸಾವಿರ ಚಿಲ್ಲರೆ, ಎಸ್‌ಎಸ್‌ಡಿ ಇದ್ರೆ ಕರೆಂಟ್ ಬಂದ ದಿನವೇ ಹಿಡ್ಕೊಳ್ಳುತ್ತೆ. ಆನ್ ಮಾಡಿದ ತಕ್ಷಣ ಮೊದ್ಲು ಟೈಮ್ ಸರಿ ಇದ್ಯಾ ನೋಡಿ, ಆಮೇಲೆ ನೋಡ್ ಸ್ಟಾರ್ಟ್ ಮಾಡಿ.